ಮುಖ ಒಳಗೆ ನೋಡಬೇಕು

ಅಕ್ಕಾ,

ನಾವಿಬ್ಬರೂ ಇನ್ನೂ ಒಬ್ಬರನ್ನೊಬ್ಬರು ಕಂಡಿಲ್ಲ. ನಮ್ಮಲ್ಲಿ ಯಾರು ಮೊದಲು ಹುಟ್ಟಿದ್ದು ಎಂದು ಬಲ್ಲವರು ಯಾರೂ ಉಳಿದಿಲ್ಲ. ನಮ್ಮ ಭಾಷೆಯಲ್ಲಾದರೋ ಒಡಹುಟ್ಟಿದವಳನ್ನು ಕೂಗಬೇಕಾದರೆ ಮೊದಲು ದೊಡ್ಡವಳೋ ಚಿಕ್ಕವಳೋ ತೀರ್ಮಾನಿಸಬೇಕು. ಎರಡೂ ಅಲ್ಲದ ಒಂದು ಮಾತು ಬಾಯಿಗೆ ಬರುವುದಿಲ್ಲ. ಅದಕ್ಕೆ ನಾನೇ ತೀರ್ಮಾನಿಸಿಬಿಟ್ಟೆ. ನೀನು ಅಕ್ಕ. ತಂಗಿಗೆ ಹಟ ಹಿಡಿಯುವ ಹಕ್ಕಿದೆ, ಸದ್ಯಕ್ಕೆ ನನಗೆ ಬೇಕಾಗಿರುವುದು ಅದೇ.

ನಿನ್ನ ಚೀಟಿ ಊಟದ ಡಬ್ಬಿಯ ತಳದಲ್ಲಿ ಸಿಕ್ಕಿತು. "ನಾಳೆ ಬಂದು ಒಪ್ಪಿಸ್ಕೊಳ್ತೀನಿ. ನೀನು ಸಹಿ ಹಾಕಿ ಮನೆಗೆ ಹೋಗು. ನನ್ನ ಗ್ರಹಚಾರ ನಿನಗ್ಯಾಕೆ." ಅಕ್ಷರ ನನ್ನದರ ಹಾಗೆಯೇ ಇದೆ, ಆದರೆ ಎಡಕ್ಕೆ ಬಾಗುತ್ತದೆ. ನೀನು ಎಡಗೈಯವಳಂತೆ. ಲಾಕಪ್ಪಿನ ನೆಲದ ಮೇಲೆ ಕೂತು, ನಾನೇ ಅಚ್ಚು ಹಾಕಿದ ಪೋಸ್ಟರುಗಳ ಬೆನ್ನಿನ ಮೇಲೆ ಉತ್ತರ ಬರೆಯುತ್ತಿದ್ದೇನೆ. ಒಪ್ಪಿಸಿಕೊಳ್ಳಬೇಡ. ನಿನ್ನ ಅಪ್ಪ ಹೊರಗೆ ಬೆಂಚಿನ ಮೇಲೆ ಡಬ್ಬಿಗಾಗಿ ಕಾಯುತ್ತಿದ್ದಾರೆ. ಅವರು ನಿನಗೆ ಎಷ್ಟು ಹೇಳಿದ್ದಾರೋ, ಹೆದರಿಸಬಾರದೆಂದು ಎಷ್ಟು ನುಂಗಿಕೊಂಡಿದ್ದಾರೋ ಗೊತ್ತಿಲ್ಲ; ಹಾಗಾಗಿ ಮೊದಲಿನಿಂದ ಹೇಳುತ್ತೇನೆ.

ನಾನು ಒಂದು ಸಣ್ಣ ಪ್ರೆಸ್ಸಿನಲ್ಲಿ ಕೆಲಸ ಮಾಡುತ್ತೇನೆ. ಬಿಲ್ ಪುಸ್ತಕ, ಔಷಧಿ ಸೀಸೆಯ ಲೇಬಲ್ಲು, ಶಾಲೆಯ ಪ್ರಶ್ನೆಪತ್ರಿಕೆ, ಯಾರಾದರೂ ತಂದುಕೊಟ್ಟರೆ ಕರಪತ್ರ. ನನ್ನ ಓದೆಲ್ಲ ಆ ಕರಪತ್ರಗಳದೇ. ಶಾಲೆ ಅರ್ಧಕ್ಕೆ ಬಿಟ್ಟವಳು ನಾನು. ಹಾಳೆ ಮಡಿಸುತ್ತ ಓದಿದೆ, ಅಂಚು ಕತ್ತರಿಸುತ್ತ ಓದಿದೆ, ಮಸಿ ಹತ್ತಿ ಹಾಳಾದ ಪ್ರತಿಗಳನ್ನು ಮನೆಗೆ ಹೊತ್ತುಕೊಂಡು ಹೋಗಿ ಓದಿದೆ. ಆಮೇಲೆ ನಾನೇ ಒಂದು ಬರೆದೆ: 'ಮನುಷ್ಯನಿಗೆ ದಡವಿಲ್ಲ', ಎಂಟು ಪುಟ. ಯಜಮಾನರ ಕಣ್ಣು ತಪ್ಪಿಸಿ ನೂರು ಪ್ರತಿ ಹಾಕಿ ಬಸ್ ನಿಲ್ದಾಣದಲ್ಲಿ ಹಂಚಿದೆ. ಮೂರು ಜನ ಪೂರ್ತಿ ಓದಿದರು. ನಾಲ್ಕನೆಯವರು ಅದರಲ್ಲಿ ಕಡಲೆಕಾಯಿ ಕಟ್ಟಿಸಿಕೊಂಡು ಹೋಗುತ್ತಿದ್ದುದನ್ನು ನಾನೇ ಕಂಡೆ.

ಹೊಳೆಯ ಈ ದಡದಲ್ಲಿ ನಿಮ್ಮನ್ನು ಆಚೆಯವರು ಎನ್ನುತ್ತಾರೆ. ಆ ಮಾತನ್ನು ಹೇಳುವಾಗ ಗಲ್ಲ ಸ್ವಲ್ಪ ಮೇಲಕ್ಕೆ ಹೋಗುತ್ತದೆ. ಆಚೆಯವರು ಎಂದರೆ ಕೈ ಶುದ್ಧವಿಲ್ಲದವರು, ನಕ್ಕರೂ ನಂಬಬಾರದವರು. ನನ್ನ ಅಪ್ಪ ಮೂವತ್ತು ವರ್ಷ ಸೇತುವೆಯ ಬಸ್ಸು ಓಡಿಸಿದವರು. ನಮ್ಮ ದಡದಲ್ಲಿ ಮುದುಕಿಯರು ಚೀಲ ಸರಿಮಾಡಿಕೊಳ್ಳುವ ತನಕ ನಿಲ್ಲಿಸುತ್ತಿದ್ದರು. ನಿಮ್ಮ ದಡದಲ್ಲಿ ಬಸ್ಸು ಪೂರ್ತಿ ನಿಲ್ಲುತ್ತಲೇ ಇರಲಿಲ್ಲ, ಉರುಳುತ್ತಲೇ ಇರುತ್ತಿತ್ತು, ಹತ್ತಿದವರು ಹತ್ತಿದರು. ಈ ವಿಷಯದಲ್ಲಿ ನನಗೂ ಅವರಿಗೂ ದಿನಾ ಜಗಳ. ನಾನು ಅವರಂಥವಳಲ್ಲ ಎಂದು ನನಗೆ ಬಹಳ ಜಂಬವಿತ್ತು. ಆ ಜಂಬ ಹೇಗೆ ಮುರಿಯಿತು ಎಂಬುದನ್ನು ನಿನಗೆ ಹೇಳಲೇಬೇಕು.

ಹೋದ ವಾರ ಠಾಣೆಯಿಂದ ಪ್ರೆಸ್ಸಿಗೆ ತುರ್ತು ಕೆಲಸ ಬಂತು: 'ಬೇಕಾಗಿದ್ದಾಳೆ', ಐನೂರು ಪೋಸ್ಟರು. ನಮ್ಮ ಬೀದಿಯ ಹಲ್ಲಿನ ಡಾಕ್ಟರ ಬಾಗಿಲು ತೆಗೆದು ಯಾರೋ ನಲವತ್ತು ಸೆಟ್ಟು ಕಟ್ಟಿಸಿದ ಹಲ್ಲು ಹೊತ್ತುಕೊಂಡು ಹೋಗಿದ್ದರು. "ಆಚೆ ಬೀಗದವಳೊಬ್ಬಳು ನನ್ನ ಬಾಗಿಲ ಹತ್ರ ಸುಳಿದಾಡ್ತಿದ್ಲು" ಎಂದು ಡಾಕ್ಟರು ಹೇಳಿಕೆ ಕೊಟ್ಟಿದ್ದರು. ಬೀಗ ರಿಪೇರಿ ಮಾಡುವವರೆಲ್ಲ ಠಾಣೆಗೆ ಫೋಟೋ ಕೊಟ್ಟಿರಬೇಕಲ್ಲ, ಅದರಲ್ಲಿ ಹೆಂಗಸು ನೀನೊಬ್ಬಳೇ. ಹಾಗೆ ನಿನ್ನ ಫೋಟೋದ ನೆಗೆಟಿವ್ ನನ್ನ ಬೆಳಕಿನ ಮೇಜಿನ ಮೇಲೆ ಬಂದು ಬಿತ್ತು.

ನೆಗೆಟಿವಿನಲ್ಲಿ ಧೂಳಿನ ಚುಕ್ಕೆಗಳಿದ್ದರೆ ಬ್ರಷ್ಷಿನಿಂದ ಒಂದೊಂದಾಗಿ ಮುಚ್ಚಬೇಕು, ಇಲ್ಲದಿದ್ದರೆ ಅಚ್ಚಿನಲ್ಲಿ ಕಪ್ಪಾಗಿ ಮೂಡುತ್ತವೆ. ನಿನ್ನ ಮುಖದ ಮೇಲೆ ಹತ್ತು ನಿಮಿಷ ಬಗ್ಗಿ ಕೂತಿದ್ದೆ. ಕೆನ್ನೆಯ ಮೇಲಿನ ಒಂದು ಚುಕ್ಕೆಯನ್ನು ಮುಚ್ಚಲು ಹೋಗಿ, ಇದು ಧೂಳಲ್ಲ, ಮಚ್ಚೆ ಎಂದು ಬಿಟ್ಟೆ. ಆಗ ಯಜಮಾನರು ಹಿಂದೆ ಬಂದು ನಿಂತರು. ಫೋಟೋದಲ್ಲಿ ನಿನ್ನ ಕಣ್ಣು ಪಕ್ಕಕ್ಕೆ ಹೊರಳಿದೆ, ಹಾಳೆಯಿಂದ ಆಚೆಗೆ. ನಮ್ಮ ಕೆಲಸದಲ್ಲಿ ಅದು ತಪ್ಪು. ಪಕ್ಕದಲ್ಲಿರುವ ಬರಹದ ಕಡೆಗೇ ಮುಖ ನೋಡಬೇಕು, ಓದುವವರ ಕಣ್ಣನ್ನೂ ಅತ್ತ ಕರೆದೊಯ್ಯಬೇಕು. "ಮುಖ ಒಳಗೆ ನೋಡ್ಬೇಕು ಅಂತ ಎಷ್ಟು ಸಲ ಹೇಳ್ಲಿ ನಿಂಗೆ? ಕಳ್ಳನೋಟ ನೋಡು, ಆಚೆಯವರದು. ತಿರುಗಿಸಿ ಹಾಕು" ಎಂದರು. ನಾನು ಫಿಲ್ಮು ಮಗುಚಿ ಅಂಟಿಸಿದೆ. ಬಲಗೆನ್ನೆಯ ಮಚ್ಚೆ ಎಡಗೆನ್ನೆಗೆ ಬಂತು.

ಅಕ್ಕಾ, ನನ್ನ ಮಚ್ಚೆ ಎಡಗೆನ್ನೆಯಲ್ಲಿದೆ. ಮಗುಚುವ ಮೊದಲು ಅದು ನಾನು ದಿನಾ ಕನ್ನಡಿಯಲ್ಲಿ ನೋಡುವ ಮುಖ. ಮಗುಚಿದ ಮೇಲೆ ಊರೆಲ್ಲ ನೋಡುವ ನನ್ನ ಮುಖ. ಎರಡನ್ನೂ ನೋಡಿದೆ. ಯಂತ್ರದಿಂದ ಬಂದ ಮೊದಲ ಪ್ರತಿಯನ್ನು ಬೆಳಕಿಗೆ ಹಿಡಿದು ನೋಡಿದೆ. ನನಗೆ ಕಂಡದ್ದು ಒಬ್ಬ ಆಚೆಯವಳು, ಅಷ್ಟೆ. 'ಪಾಪ, ಬಡತನಕ್ಕೆ ಕದ್ದಿರಬೇಕು, ವ್ಯವಸ್ಥೆಯ ತಪ್ಪು' ಎಂದು ಮನಸ್ಸಿನಲ್ಲೇ ನಿನ್ನನ್ನು ಕ್ಷಮಿಸಿದೆ ಕೂಡ! ಕದ್ದೇ ಇದ್ದೀಯ ಎಂದುಕೊಂಡು, ಮೇಲೆ ಕುಳಿತು ಕ್ಷಮಿಸಿದೆ. ಎಂಟು ಪುಟ ಬರೆದವಳು ನಾನು. ಬಸ್ಸು ನಿಲ್ಲಿಸದೆ ಉರುಳಿಸಿದ ಅಪ್ಪನಿಗೂ ನನಗೂ ಏನು ವ್ಯತ್ಯಾಸ? ಅವರು ಕರಪತ್ರ ಓದಿರಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಇನ್ನೂರು ಪೋಸ್ಟರನ್ನು ಕಾನ್‌ಸ್ಟೇಬಲ್ಲೊಬ್ಬ ನಿಮ್ಮ ದಡಕ್ಕೆ ಒಯ್ದ. ಉಳಿದ ಮುನ್ನೂರರ ಕಟ್ಟನ್ನು ಠಾಣೆಗೆ ಮುಟ್ಟಿಸಲು ನಾನೇ ಹೊತ್ತುಕೊಂಡು ಹೋದೆ. ಮೀಸೆಯ ಹೆಡ್ ಕಾನ್‌ಸ್ಟೇಬಲ್ ದಾರ ಬಿಚ್ಚಿ ಮೇಲಿನ ಹಾಳೆ ನೋಡಿದ. ನನ್ನನ್ನು ನೋಡಿದ. ಮತ್ತೆ ಹಾಳೆ ನೋಡಿದ. "ಮಸಿ ಒಣಗಿದೆ ಸಾರ್, ಸಹಿ ಹಾಕಿ" ಎಂದೆ ನಾನು. ಅವನು ಎದ್ದುನಿಂತು ಒಳಗೆ ಕೂಗಿದ: "ಸಾರ್, ಬನ್ನಿ ಸಾರ್! ಕಳ್ಳಿ ತನ್ನ ಪೋಸ್ಟರ್ ತಾನೇ ಹೊತ್ಕೊಂಡು ಬಂದಿದಾಳೆ!" ಗೋಡೆಯ ಪಕ್ಕದ ಬೆಂಚಿನಲ್ಲಿ ಹಲ್ಲು ಕಳೆದುಕೊಂಡವರು ಏಳೆಂಟು ಮಂದಿ ಕೂತಿದ್ದರು. ದಿನಾ ಬಂದು ವಿಚಾರಿಸುವವರಂತೆ. "ಛಿಕ್ಕಿದ್ಲಾ? ಕಲ್ಲಿ ಛಿಕ್ಕಿದ್ಲಾ?" ಎಂದು ಎಲ್ಲರೂ ಒಟ್ಟಿಗೆ ಎದ್ದರು. ನನಗೆ ನಗು ತಡೆಯಲಾಗಲಿಲ್ಲ. ನಕ್ಕಿದ್ದನ್ನೂ ನನ್ನ ಮೇಲೆ ಬರೆದುಕೊಂಡರು: 'ಆರೋಪಿ ನಿರ್ಲಜ್ಜವಾಗಿ ನಕ್ಕಳು.'

ನಿಮ್ಮ ದಡದಲ್ಲಿ ನಡೆದದ್ದನ್ನು ನಿನ್ನ ಅಪ್ಪ ಹೇಳಿದಾಗ ಮತ್ತೊಮ್ಮೆ ನಕ್ಕೆ. ಪೋಸ್ಟರಿನಲ್ಲಿ ದೊಡ್ಡ ಅಕ್ಷರದಲ್ಲಿ ಇದ್ದದ್ದು 'ಕಳ್ಳತನ ಮಾಡಿದ ಆಚೆಯವಳು' ಎಂದು. ನಮಗೆ ಆಚೆ ಎಂದರೆ ನೀವು. ನಿಮ್ಮ ಗೋಡೆಯ ಮೇಲೆ ಅಂಟಿಸಿದ ಕೂಡಲೇ ಆಚೆ ಎಂದರೆ ನಾವು! ನಿಮ್ಮವರು ಓದಿ, "ನೋಡ್ರೋ, ಆಚೆಯವರು ಮುದುಕರ ಹಲ್ಲನ್ನೂ ಬಿಡಲ್ಲ" ಎಂದು ಖುಷಿಯಿಂದ ತಲೆ ಅಲ್ಲಾಡಿಸಿದರಂತೆ. ನಿನ್ನ ಪಕ್ಕದ ಅಂಗಡಿಯ ಹೊಲಿಗೆಯವಳು ಮಾತ್ರ ದಿಟ್ಟಿಸಿ ನೋಡಿ, "ನಮ್ಮ ಬೀಗದವಳ ಹಾಗೇ ಇದಾಳಲ್ಲ, ಆದ್ರೆ ಇವಳ ಮಚ್ಚೆ ಎಡಕ್ಕಿದೆ, ಮುಖದಲ್ಲಿ ಕಳ್ಳಕಳೆ ಬೇರೆ" ಎಂದಳಂತೆ. ಅದೇ ನಿನ್ನ ಮುಖ. ಕೇಳಿದೆಯಾ? ನಿಮ್ಮವರೇನೂ ನಮಗಿಂತ ಮೇಲಲ್ಲ. ಇದನ್ನು ಸಮಾಧಾನಕ್ಕೆ ಹೇಳುತ್ತಿಲ್ಲ, ಸಿಟ್ಟಿಗೆ ಹೇಳುತ್ತಿದ್ದೇನೆ.

ಅದೇ ಮಧ್ಯಾಹ್ನ ಡಾಕ್ಟರನ್ನು ಕರೆಸಿದರು. ಕಂಬಿಯ ಹೊರಗೆ ನಿಂತು ಒಂದೇ ನೋಟಕ್ಕೆ ಬೆರಳು ತೋರಿಸಿದರು. "ಇವಳೇ! ಸಾವಿರ ಜನರಲ್ಲಿ ನಿಲ್ಲಿಸಿದ್ರೂ ಹೇಳ್ತೀನಿ. ಆ ಕಣ್ಣು ನೋಡಿ, ಆಚೆಯವರದೇ." ಹೇಳಿಕೆ ಬರೆಯುವ ರೈಟರ್ ನನ್ನ ಹೆಸರು, ವಿಳಾಸ, ಅಪ್ಪನ ಕೆಲಸ ಕೇಳಿ ಬರೆದುಕೊಂಡು ತಲೆಯೆತ್ತಿದ. "ಡಾಕ್ಟ್ರೇ, ಇವರು ನಮ್ಮ ಬಸ್ ಡ್ರೈವರ್ ಮಗಳಂತೆ. ಈಚೆಯವರೇ." ಡಾಕ್ಟರ ಮುಖ ಹೇಗೆ ಬದಲಾಯಿತು ಅಂತೀಯ! ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, "ಅಯ್ಯೋ, ಹೌದಲ್ವಾ? ಇದು ನಮ್ಮ ಕಡೆ ಮುಖ. ಎಷ್ಟು ಲಕ್ಷಣವಾಗಿದೆ. ಆ ಕಣ್ಣಲ್ಲೇ ಒಂದು ಸಂಸ್ಕಾರ ಇದೆ" ಎಂದರು. ಅದೇ ಕಣ್ಣು ಅಕ್ಕಾ. ಮಧ್ಯೆ ಒಂದು ಸಲ ಮಿಟುಕಿಸಿರಬಹುದು, ಅಷ್ಟೆ. "ಎರಡೂ ಮಾತು ಬರ್ಕೊಳ್ಳಿ" ಎಂದು ನಾನು ಕಂಬಿ ಬಡಿದೆ. ರೈಟರ್ ಪೆನ್ನಿನ ಮುಚ್ಚಳ ಹಾಕಿಕೊಂಡ.

ಆಗ ಬಂದರು ನಿನ್ನ ಅಪ್ಪ. ಮಗಳು ಸಿಕ್ಕಿಬಿದ್ದಳು ಎಂದು ಯಾರೋ ಹೇಳಿದ್ದರಂತೆ, ನೀನು ಮನೆಯ ಅಟ್ಟದಲ್ಲಿ ಅಡಗಿರುವುದನ್ನೂ ಮರೆತು ಓಡಿ ಬಂದಿದ್ದರು. "ಅರ್ಧ ದಿನಕ್ಕೇ ಎಷ್ಟು ಸೊರಗಿದೀಯಮ್ಮಾ" ಎಂದು ಕಂಬಿಯೊಳಗೆ ಕೈ ಹಾಕಿ ನನ್ನ ಕೈ ಹಿಡಿದುಕೊಂಡರು. ಹಿಡಿದವರು ಹಾಗೇ ನಿಂತುಬಿಟ್ಟರು. ಬೆರಳ ತುದಿ ಸವರಿದರು. ಬೀಗದ ಕೈಗೆ ಅರ ಉಜ್ಜಿದ ಗಾಯಗಳಿಲ್ಲ. ಉಗುರಿನ ಸಂದಿಯಲ್ಲಿ ಮಸಿ. ನಿಧಾನವಾಗಿ ತಲೆಯೆತ್ತಿ, "ನೀನು ಯಾರಮ್ಮಾ?" ಎಂದರು. ಅಷ್ಟರಲ್ಲಿ ಹಿಂದಿನಿಂದ ನನ್ನ ಅಪ್ಪನ ಕೂಗು: "ರೀ, ನನ್ನ ಮಗಳ ಕೈ ಬಿಡ್ರೀ!"

"ನಿಮ್ಮ ಮಗಳಾ? ಈ ಮುಖಕ್ಕೆ ಇಪ್ಪತ್ತೆರಡು ವರ್ಷ ಅನ್ನ ಹಾಕಿದ್ದು ನಾನು!"

"ಹಲ್ಲು ಆಯ್ತು, ಈಗ ಮಕ್ಕಳನ್ನೂ ಕದೀತೀರಾ ಆಚೆಯವರು?"

"ನಾಲಿಗೆ ಬಿಗಿ ಹಿಡೀರಿ ಸ್ವಾಮಿ. ನಿಮ್ಮನ್ನ ಚೆನ್ನಾಗಿ ಬಲ್ಲೆ ನಾನು. ನಿಮ್ಮ ಬಸ್ಸಿನ ಹಿಂದೆ ಓಡಿ ಓಡಿ ನನ್ನ ಮೊಣಕಾಲು ಹೋಗಿದೆ!"

ಬೆಂಚಿನ ಬೊಚ್ಚು ಬಾಯಿಗಳು ಎರಡು ಪಕ್ಷವಾದವು. ಇನ್ಸ್‌ಪೆಕ್ಟರು ಮೇಜು ಬಡಿದರು. ಯಾರ ಮಗಳೆಂದು ಸಾಬೀತು ಮಾಡಲು ಇಬ್ಬರೂ ಹುಟ್ಟಿದ ದಿನ ಹೇಳಿದರು. ಒಂದೇ ದಿನ. ಆಸ್ಪತ್ರೆ ಹೇಳಿದರು. ಸೇತುವೆ ಬುಡದ ಅದೇ ಆಸ್ಪತ್ರೆ. ಆಗ ಇಷ್ಟು ವರ್ಷ ನನಗೂ ಹೇಳದೆ ಇಟ್ಟುಕೊಂಡಿದ್ದ ಗುಟ್ಟನ್ನು ನನ್ನ ಅಪ್ಪ ಠಾಣೆಯ ಸೀಲಿಂಗ್ ಫ್ಯಾನಿನ ಕೆಳಗೆ ನಿಂತು ಬಿಚ್ಚಿದರು. ಹೆರಿಗೆಗೆಂದು ಒಂಟಿಯಾಗಿ ಬಂದ ಹೆಂಗಸು, ಹೆಸರು ಕೇಳುವ ಮೊದಲೇ ತೀರಿಕೊಂಡಳು. ನರ್ಸಮ್ಮ ಕೂಸನ್ನು ಕೈಗಿಟ್ಟು, "ನಿಮ್ಮವರದೇ ಕೂಸು, ಯೋಚನೆ ಮಾಡ್ಬೇಡಿ, ಎತ್ಕೊಂಡು ಹೋಗಿ" ಎಂದಿದ್ದಳು. ನಿನ್ನ ಅಪ್ಪ ಗೋಡೆ ಹಿಡಿದು ಕೂತರು. "ನನಗೂ ಇದೇ ಮಾತು ಹೇಳಿದ್ಲು" ಎಂದರು.

ಆ ನರ್ಸಮ್ಮ ಈಗಿಲ್ಲ. ಇದ್ದಿದ್ದರೆ ಕಾಲು ಹಿಡಿಯುತ್ತಿದ್ದೆ, ಬೈಯುತ್ತಲೂ ಇದ್ದೆ. ಒಂದೇ ಸುಳ್ಳಿನಲ್ಲಿ ಎರಡು ಮನೆಗೆ ಬೆಳಕು ಕೊಟ್ಟಳು. ನನ್ನಿಂದ ನಿನ್ನನ್ನು ಕಿತ್ತಳು. ನಮ್ಮ ತಾಯಿ ಯಾವ ದಡದವಳು ಎಂಬುದು ಅವಳ ಜೊತೆಗೇ ಹೋಯಿತು. ಇನ್ಸ್‌ಪೆಕ್ಟರಿಗೆ ಅದೇ ದೊಡ್ಡ ತಲೆನೋವು. "ಹಾಗಾದ್ರೆ ನೀವಿಬ್ರೂ ಯಾವ ಕಡೆ? ಫಾರಮ್ಮಿನಲ್ಲಿ ಖಾಲಿ ಬಿಡೋ ಹಾಗಿಲ್ಲ." ನಾನು ಕೇಳಿದೆ, "ನೀವು ಎಲ್ಲಿ ನಿಂತು ಕೇಳ್ತಿದೀರಿ ಸಾರ್?" ಅದನ್ನೂ ಅಧಿಕಪ್ರಸಂಗವೆಂದು ಬರೆದುಕೊಂಡರು.

ಮೂರು ದಿನದಿಂದ ಒಂದೇ ಕಾಗದ ತಂದು ತೋರಿಸುತ್ತಿದ್ದಾರೆ. 'ನಾನು ಈಚೆಯವಳು. ಫೋಟೋದಲ್ಲಿರುವ ಆಚೆಯವಳಿಗೂ ನನಗೂ ಯಾವ ಸಂಬಂಧವೂ ಇಲ್ಲ.' ಸಹಿ ಹಾಕಿದರೆ ಜೀಪಿನಲ್ಲೇ ಮನೆಗೆ ಬಿಡುತ್ತಾರಂತೆ, ಚಹಾ ಕುಡಿಸಿ ಕ್ಷಮೆಯನ್ನೂ ಕೇಳುತ್ತಾರಂತೆ. ಆಮೇಲೆ ನೀನು ಬಂದು ಒಪ್ಪಿಸಿಕೊಳ್ಳುತ್ತೀಯ. ಈಚೆ ಮುಖ ಮನೆಗೆ, ಆಚೆ ಮುಖ ಜೈಲಿಗೆ. ಡಾಕ್ಟರು ಕಣ್ಣು ಮುಚ್ಚಿಕೊಂಡು ಗುರುತಿಸುತ್ತಾರೆ.

ನಿನ್ನ ಅಪ್ಪ ನಿಜ ಹೇಳಿದ್ದಾರೆ ನನಗೆ. ಬೀಗದ ಕೈ ಚರಂಡಿಗೆ ಬಿತ್ತು ಎಂದು ಡಾಕ್ಟರೇ ನಿನ್ನ ಅಂಗಡಿಗೆ ಬಂದು ಕರೆದರು. ನೀನು ಏಳು ನಿಮಿಷದಲ್ಲಿ ಬಾಗಿಲು ತೆಗೆದುಕೊಟ್ಟು ಹೊರಟುಬಂದೆ. ಮಾರನೆಯ ಬೆಳಿಗ್ಗೆ 'ಕಳ್ಳತನ'. ಯಾಕೆ ಎಂಬುದನ್ನು ನಾನು ಬೆಂಚಿನವರಿಂದ ತಿಳಿದುಕೊಂಡೆ. ಕಂಬಿಯೊಳಗೆ ಕೂತವಳಿಗೆ ಕಿವಿಯೇ ಕೆಲಸ. ಒಬ್ಬ ನಿವೃತ್ತ ಮೇಷ್ಟ್ರು, ಅಳತೆ ನೋಡಲು ಹಾಕಿಸಿದಾಗ ತಮ್ಮ ಬಾಯಿ ಮುಚ್ಚಲೇ ಇಲ್ಲ ಎಂದರು. ಇನ್ನೊಬ್ಬ ಅಜ್ಜಿಗೆ ಕೊಟ್ಟ ಹಲ್ಲು ಬಾಯೊಳಗೆ ಗಿರಗಿರ ತಿರುಗಿತಂತೆ. ನಲವತ್ತು ಬಾಯಿಯ ಅಚ್ಚುಗಳನ್ನು ಒಂದಕ್ಕೊಂದು ಅದಲುಬದಲು ಮಾಡಿಕೊಂಡಿದ್ದರು ಮಹಾರಾಯರು. ಎಲ್ಲರಿಗೂ ಕೊಡುತ್ತೇನೆಂದ ದಿನ ಬಂತು. ಒಂದು ಕಳ್ಳತನವಾದರೆ ಸಾಕಿತ್ತು, ಅದಕ್ಕೊಬ್ಬಳು ಆಚೆಯವಳು ಸಾಕಿತ್ತು. ಹೆಚ್ಚೇನೂ ಯೋಚಿಸಬೇಕಾಗಿಯೂ ಇರಲಿಲ್ಲ ಅವರಿಗೆ. ನೀನು ಬಾಗಿಲ ಮುಂದೆ ಬಗ್ಗಿ ಕೂತಿದ್ದಾಗ ನಿನ್ನ ಮುಖವನ್ನೇ ಅವರು ನೋಡಿಲ್ಲ.

ಅಲ್ಲಿದೆ ನಮ್ಮ ಬಲ. ನಾಳೆ ಹತ್ತು ಗಂಟೆಗೆ ನನ್ನನ್ನು ಮ್ಯಾಜಿಸ್ಟ್ರೇಟರ ಮುಂದೆ ಒಯ್ಯುತ್ತಾರೆ, ಅಲ್ಲಿ ಡಾಕ್ಟರು ಕಳ್ಳಿಯನ್ನು ಗುರುತಿಸಬೇಕು. ನೀನೊಬ್ಬಳೇ ನಿಂತರೆ ನಿನ್ನ ಕೆಲಸ ಮುಗಿಯಿತು. ನಾವಿಬ್ಬರೂ ನಿಂತರೆ ಅವರು ಮುಖ ನೋಡಲೇಬೇಕು, ಜೀವನದಲ್ಲಿ ಮೊದಲ ಸಲ. ಯಾರು ಈಚೆ, ಯಾರು ಆಚೆ ಎಂದು ಕಿವಿಯಲ್ಲಿ ಯಾರೂ ಊದದಿದ್ದರೆ ಅವರಿಗೆ ಏನೂ ತಿಳಿಯುವುದಿಲ್ಲ. ಮಚ್ಚೆಯನ್ನೂ ಅವರು ನೋಡಿರಲಾರರು.

ಹಾಗಾಗಿ ಇವತ್ತು ಊಟವಾದ ಮೇಲೆ, "ಕಾಗದ ತನ್ನಿ, ಸಹಿ ಹಾಕ್ತೀನಿ" ಎಂದೆ. ಇನ್ಸ್‌ಪೆಕ್ಟರು ತಾವೇ ಪೆನ್ನು ಹಿಡಿದು ಓಡಿ ಬಂದರು. ಬೆಂಚಿನಲ್ಲಿದ್ದ ನನ್ನ ಅಪ್ಪ ಕಣ್ಣೊರೆಸಿಕೊಂಡು, "ಸದ್ಯ, ಬುದ್ಧಿ ಬಂತಲ್ಲ" ಎಂದರು. ನಾನು ಕರಡು ತಿದ್ದುವವರ ಹಾಗೆ 'ಈಚೆಯವಳು' ಎಂಬಲ್ಲಿ 'ಈ'ಗೆ ಅಡ್ಡಗೆರೆ ಎಳೆದು, ಅಂಚಿನಲ್ಲಿ 'ಆ' ಬರೆದೆ. 'ಯಾವ ಸಂಬಂಧವೂ ಇಲ್ಲ' ಎಂಬುದನ್ನು ಹೊಡೆದು 'ಒಡಹುಟ್ಟಿದ ಸಂಬಂಧ' ಎಂದು ಬರೆದೆ. ಕೆಳಗೆ ಸಹಿ ಹಾಕಿದೆ. ಇನ್ನು ಠಾಣೆಯ ದಾಖಲೆಯಲ್ಲಿ ನಾವಿಬ್ಬರೂ ಆಚೆಯವರು. ಅವರಿಗೆ ಊದಲು ಏನೂ ಉಳಿಯಲಿಲ್ಲ.

ಇನ್ಸ್‌ಪೆಕ್ಟರು ಓದಿ, ಟೋಪಿ ತೆಗೆದು ಮೇಜಿನ ಮೇಲಿಟ್ಟರು. ರೈಟರ್ ಮಾತ್ರ, "ಹುಚ್ಚಾ ನಿನಗೆ? ನಿನ್ನ ಅಪ್ಪ ಈಚೆಯವರು, ನೀನು ಹೇಗೆ ಆಚೆಯವಳಾಗ್ತೀಯ?" ಎಂದ. ಈ ಪ್ರಶ್ನೆ ಯಾವ ಕರಪತ್ರದಲ್ಲೂ ಇರಲಿಲ್ಲ. ಆಗ ನನ್ನ ಅಪ್ಪ ಎದ್ದು ಬಂದರು. ಹೊಡೆಯುತ್ತಾರೆ ಎಂದುಕೊಂಡೆ. ಕಂಬಿ ಹಿಡಿದು ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ಆಮೇಲೆ ರೈಟರ್ ಕಡೆ ತಿರುಗಿದರು. "ಅವಳು ಆಚೆಯವಳಾದ್ರೆ ನಾನು ಆಚೆಯವಳ ಅಪ್ಪ. ಬರ್ಕೊಳ್ರೀ. ಅದನ್ನೂ ಬರ್ಕೊಳ್ಳಿ" ಎಂದರು. ನಿನ್ನ ಅಪ್ಪ ಬೆಂಚಿನ ಮೇಲೆ ಸ್ವಲ್ಪ ಸರಿದು ಜಾಗ ಮಾಡಿಕೊಟ್ಟರು. ಈಗ ಇಬ್ಬರೂ ಅಲ್ಲೇ ಕೂತಿದ್ದಾರೆ. ನಿನ್ನ ಅಪ್ಪನ ಮೊಣಕಾಲನ್ನು ನನ್ನ ಅಪ್ಪ ಆಗಾಗ ನೋಡುತ್ತಿದ್ದಾರೆ.

ಡಬ್ಬಿಯ ಚೀಲದಲ್ಲಿ ನನ್ನ ಪ್ರೆಸ್ಸಿನ ನೀಲಿ ಅಂಗಿ ಇಟ್ಟಿದ್ದೇನೆ. ಅಪ್ಪ ಎರಡು ತಂದಿದ್ದರು. ನಾಳೆ ಅದನ್ನು ಹಾಕಿಕೊಂಡು ಬಾ. ಒಪ್ಪಿಸಿಕೊಳ್ಳಲು ಬರಬೇಡ, ನಿಲ್ಲಲು ಬಾ. ತಲೆ ತಗ್ಗಿಸಬೇಡ, ಕಣ್ಣು ಪಕ್ಕಕ್ಕೂ ಹೊರಳಿಸಬೇಡ. ನೆಟ್ಟಗೆ ಅವರನ್ನೇ ನೋಡು. ಅವರು ಬೆರಳು ತೋರಿಸುವ ತನಕ ತುಟಿ ಬಿಚ್ಚಬೇಡ. ತೋರಿಸಿದ ಮೇಲೆ, ಅದು ನನ್ನ ಕಡೆಗಾದರೂ ಸರಿ ನಿನ್ನ ಕಡೆಗಾದರೂ ಸರಿ, ನಿಜವನ್ನು ಗಟ್ಟಿಯಾಗಿ ಹೇಳು: ಬಾಗಿಲು ತೆಗೆದವಳು ನೀನು, ತೆಗೆಸಿದವರು ಅವರು. ಬೆಂಚಿನವರು ಹಲ್ಲು ಕಳೆದುಕೊಂಡ ಎಲ್ಲರನ್ನೂ ಕರೆತರುತ್ತಾರೆ. ಬಾಯಿ ಬೊಚ್ಚಾದರೂ ನಲವತ್ತು ಸಾಕ್ಷಿ.

ಸೋಲುವುದೂ ಉಂಟು, ನನಗೆ ಗೊತ್ತು. ಸೋತರೆ ಇಬ್ಬರೂ ಒಳಗಿರೋಣ. ಇಪ್ಪತ್ತೆರಡು ವರ್ಷದ ಮಾತು ಬಾಕಿ ಇದೆ, ಇಲ್ಲಿ ಹೊತ್ತು ಬೇಕಾದಷ್ಟಿದೆ. ಆದರೆ ಇವರ ಕೈಯಲ್ಲಿ ನಿನ್ನನ್ನು ಒಂಟಿಯಾಗಿ ಬಿಟ್ಟು ಚಹಾ ಕುಡಿದು ಜೀಪು ಹತ್ತುವವಳು ನಾನಲ್ಲ. ಒಂದು ಸಲ ನಿನ್ನ ಮುಖ ನೋಡಿಯೂ ಕಾಣದೆ ಹೋದೆ. ಇನ್ನೊಂದು ಸಲ ಹಾಗಾಗಲು ಬಿಡಲಾರೆ.

ನಿನ್ನ ಅಪ್ಪ ಎದ್ದರು, ಡಬ್ಬಿ ಮುಚ್ಚಬೇಕು. ಯಾವ ಬೀಗದ ಮುಂದೆಯೂ ನಿನ್ನ ಕೈ ತಡವರಿಸದಿರಲಿ, ಯಾರ ಮುಂದೆಯೂ ನಿನ್ನ ಧ್ವನಿ ಕುಗ್ಗದಿರಲಿ. ಬೆಳಿಗ್ಗೆ ಸೇತುವೆ ದಾಟುವಾಗ ನಡೆದುಕೊಂಡು ಬರಬೇಡ. ಬಸ್ಸು ಹತ್ತು. ಹಿಂಬಾಗಿಲಲ್ಲಿ ಓಡಿ ಹತ್ತಬೇಡ. ಅದು ಪೂರ್ತಿ ನಿಲ್ಲುವ ತನಕ ರಸ್ತೆಯ ನಡುವೆ ನಿಂತುಕೋ.

ನಿನಗಾಗಿ ಕಾದು ನಿಂತಿರುವ,
ನಿನ್ನ ತಂಗಿ